ನಮ್ಮ ನಾಲ್ಕು ತಾಲ್ಲೂಕುಗಳ ರಸ್ತೆ ಸಂಚಾರ

ರಸ್ತೆಯ ಮೇಲೂ ಒಂದು ಲೇಖನವೇ ಎಂದು ಮಿತ್ರರು ಕೆಲವರು ನಕ್ಕರು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಕವಿತೆ, ಹರಟೆ, ಇಲ್ಲವೆ ಮಹಾಪುರುಷರೊಬ್ಬರ ಜೀವನಚರಿತ್ರೆ ಬರೆದುಕೊಡುವುದು ವಾಡಿಕೆ. ಆದರೆ ಮೂರು ವರ್ಷಗಳಿಂದ ದಿನಕ್ಕೆ ಎರಡು ಬಾರಿ ತಪ್ಪದೆ ನಾನು ಓದುತ್ತಿರುವ ಗ್ರಂಥವೆಂದರೆ ರಸ್ತೆಯೊಂದೇ. ನಮ್ಮ ಊರು ಪಾಂಡವಪುರದಿಂದ ಚಿನಕುರಳಿಯ ಮೇಲೆ ಕೃಷ್ಣರಾಜಪೇಟೆಗೆ ಹೋಗುವ ದಾರಿಯಿಂದ ಮೂರು ಕಿಲೋಮೀಟರ್ ಒಳಗಿದೆ. ಕ್ರಾಸಿನವರೆಗೆ ನಡಿಗೆ, ಅಲ್ಲಿಂದ ಬಸ್ಸು, ಪಾಂಡವಪುರದಲ್ಲಿ ಇನ್ನೊಂದು ಬಸ್ಸು. ಹೀಗೆ ಕಾಲೇಜನ್ನು ಮುಟ್ಟುವ ಹೊತ್ತಿಗೆ ಮೊದಲನೆಯ ಪಾಠ ಅರ್ಧ ಮುಗಿದಿರುವುದೂ ಉಂಟು. ಅಧ್ಯಾಪಕರು ಕ್ಷಮಿಸಿದ್ದಾರೆ.

ಈ ವಿಷಯ ನನ್ನ ತಲೆಗೆ ಹತ್ತಿದುದು ಒಂದು ಕೋಷ್ಟಕದಿಂದ. ಗ್ರಾಮೀಣ ಸಾರಿಗೆಯನ್ನು ಕುರಿತು ಒಂದು ಕಿರುಪ್ರಬಂಧ ಬರೆದು ತರಬೇಕೆಂದು ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ಹೇಳಿದ್ದರು. ಅದಕ್ಕಾಗಿ ಹುಡುಕುತ್ತಿದ್ದಾಗ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರು 1990ರಲ್ಲಿ ಹೊರತಂದ, ಗ್ರಾಮಾಂತರ ರಸ್ತೆಗಳ ಸಾಮರ್ಥ್ಯವನ್ನು ಕುರಿತ ಒಂದು ಕೈಪಿಡಿ ಸಿಕ್ಕಿತು. ಈ ಸಂಸ್ಥೆ 1934ರಲ್ಲಿ ಹುಟ್ಟಿದ್ದು. ನಮ್ಮ ದೇಶದ ರಸ್ತೆಗಳ ಅಗಲ, ದಪ್ಪ, ತಿರುವುಗಳಿಗೆಲ್ಲ ಇವರ ಮಾತೇ ಪ್ರಮಾಣ. ಆ ಕೈಪಿಡಿಯಲ್ಲಿ ಬಗೆಬಗೆಯ ವಾಹನಗಳನ್ನು ಒಂದೇ ಅಳತೆಗೆ ತರುವ ಲೆಕ್ಕವಿದೆ. ಕಾರು ಒಂದು. ಆಟೋರಿಕ್ಷಾ ಕೂಡ ಒಂದು. ಮೋಟಾರು ಬೈಕು ಅರ್ಧ, ಬೈಸಿಕಲ್ಲೂ ಅರ್ಧ. ಲಾರಿ, ಬಸ್ಸುಗಳು ಮೂರು. ಟ್ರೇಲರು ಕಟ್ಟಿದ ಟ್ರಾಕ್ಟರು ನಾಲ್ಕೂವರೆ. ಎತ್ತಿನ ಗಾಡಿ ಎಂಟು!

ನನ್ನ ತಂದೆಯವರು ಗಾಡಿ ಹೊಡೆಯುವವರು. ಸ್ವಂತ ಜಮೀನು ಒಂದು ಎಕರೆ ಚಿಲ್ಲರೆ. ಕಬ್ಬಿನ ಕಟಾವಿನ ಕಾಲದಲ್ಲಿ ಪರರ ಕಬ್ಬನ್ನು ತುಂಬಿ ಕಾರ್ಖಾನೆಗೆ ಸಾಗಿಸಿ ಬಂದ ಬಾಡಿಗೆಯಲ್ಲಿಯೇ ನನ್ನ ಓದು ನಡೆದಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನು. ಆ ಗಾಡಿ ಎಂಟು ಕಾರುಗಳಿಗೆ ಸಮನೆಂದು ಓದಿದಾಗ ಮೊದಲು ಹೆಮ್ಮೆಯಾಯಿತು. ಕೆಳಗಿನ ವಿವರಣೆ ಓದಿದ ಮೇಲೆ ಮುಖ ಸಪ್ಪಗಾಯಿತು. ಈ ಅಂಕಿ ಬೆಲೆಯನ್ನು ತಿಳಿಸುವುದಲ್ಲ, ಅಡ್ಡಿಯನ್ನು ತಿಳಿಸುವುದು. ನಿಧಾನವಾಗಿ ಹೋಗುವ ಒಂದು ಗಾಡಿ ಹಿಂದಿನವರಿಗೆ ಎಂಟು ಕಾರುಗಳಷ್ಟು ತಡೆಯೊಡ್ಡುತ್ತದೆ ಎಂದು ಅದರ ಅರ್ಥ. ಇದನ್ನು ಹೇಳಿದಾಗ ಅಧ್ಯಾಪಕರು ನಕ್ಕು, "ಅದು ರಸ್ತೆಯ ಲೆಕ್ಕವಪ್ಪ, ಜನರ ಲೆಕ್ಕವಲ್ಲ. ಜನರ ಲೆಕ್ಕ ಬೇಕಾದರೆ ನೀನೇ ಕುಳಿತು ಎಣಿಸು" ಎಂದರು. ಈ ಲೇಖನ ಆ ಮಾತಿನ ಫಲ.

ಮೊದಲು ನಮ್ಮ ಸೀಮೆಯ ದಾರಿಗಳನ್ನು ನೋಡೋಣ. ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಪಶ್ಚಿಮ ಮತ್ತು ಉತ್ತರದ ನಾಲ್ಕು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ. ಇವುಗಳಿಗೆ ಮುಖ್ಯವಾದುವು ಮೂರು ದೊಡ್ಡ ದಾರಿಗಳು. ದಕ್ಷಿಣದಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಶ್ರೀರಂಗಪಟ್ಟಣವನ್ನು ಮುಟ್ಟಿ ಹೋಗುತ್ತದೆ. ಉತ್ತರದಲ್ಲಿ ಬೆಂಗಳೂರಿನಿಂದ ಹಾಸನ, ಮಂಗಳೂರುಗಳಿಗೆ ಹೋಗುವ 75ನೆಯ ರಾಷ್ಟ್ರೀಯ ಹೆದ್ದಾರಿ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸನ್ನು ಹಾಯುತ್ತದೆ. ಇವೆರಡನ್ನೂ ಏಣಿಯ ಮೆಟ್ಟಿಲಿನಂತೆ ಕೂಡಿಸುವುದು ಜೇವರ್ಗಿಯಿಂದ ಬಳ್ಳಾರಿ, ಹಿರಿಯೂರು, ಹುಳಿಯಾರುಗಳ ಮೇಲೆ ಬಂದು ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣಗಳನ್ನು ಹಾದು ಚಾಮರಾಜನಗರಕ್ಕೆ ಹೋಗುವ 150-ಎ ಹೆದ್ದಾರಿ. ಕೃಷ್ಣರಾಜಪೇಟೆ ಮಾತ್ರ ಈ ಮೂರರಿಂದಲೂ ಪಕ್ಕಕ್ಕೆ ಉಳಿದು, ಕಿಕ್ಕೇರಿಯ ಮೇಲೆ ಚನ್ನರಾಯಪಟ್ಟಣಕ್ಕೂ ಇತ್ತ ಪಾಂಡವಪುರಕ್ಕೂ ತನ್ನದೇ ದಾರಿಗಳನ್ನು ಚಾಚಿಕೊಂಡಿದೆ. ರೈಲು ಶ್ರೀರಂಗಪಟ್ಟಣಕ್ಕೆ ಹಳೆಯ ಸ್ನೇಹಿತ. ಪಾಂಡವಪುರದ ನಿಲ್ದಾಣವಿರುವುದು ಪಟ್ಟಣಕ್ಕೆ ದೂರದಲ್ಲಿ. ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರಿದ್ದ ಕಾಲದಿಂದಲೂ ಹಾಗೆಯೇ. ಕೃಷ್ಣರಾಜಪೇಟೆ ತಾಲ್ಲೂಕಿನವರು ರೈಲಿಗೆ ಅಕ್ಕಿಹೆಬ್ಬಾಳು, ಮಂದಗೆರೆಗಳಿಗೆ ಹೋಗಬೇಕು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರಕ್ಕೆ ಬೆಂಗಳೂರು–ಹಾಸನ ರೈಲು ಬಂದುದು 2017ರಲ್ಲಿ. ಉಳಿದುದೆಲ್ಲ ರಸ್ತೆಯ ಪಾಲು.

ಸಂಚಾರವನ್ನು ಎಣಿಸುವ ಕ್ರಮ ಬಹಳ ಸರಳ. ರೋಡ್ಸ್ ಕಾಂಗ್ರೆಸ್ಸು 1972ರಲ್ಲಿಯೇ ನಿಯಮ ಹೇಳಿದೆ. ವರ್ಷಕ್ಕೆ ಎರಡು ಬಾರಿಯಾದರೂ ಎಣಿಸಬೇಕು. ಒಂದು ಬಾರಿ ಸುಗ್ಗಿಯ ಮತ್ತು ಮಾರಾಟದ ಭರಾಟೆಯಲ್ಲಿ, ಇನ್ನೊಂದು ಬಾರಿ ರಸ್ತೆ ಬಿಡುವಾಗಿರುವ ಕಾಲದಲ್ಲಿ. ಪ್ರತಿ ಸಲವೂ ಏಳು ದಿನ ಸತತವಾಗಿ, ಹಗಲಿರುಳು ಇಪ್ಪತ್ತನಾಲ್ಕು ಗಂಟೆ. ವಾಹನವೊಂದು ಹಾದುಹೋದರೆ ಅದರ ಕಲಮಿನಲ್ಲಿ ಒಂದು ಗೀಟು. ನಾಲ್ಕು ಗೀಟಿನ ಮೇಲೆ ಐದನೆಯದು ಅಡ್ಡಗೀಟು. ನಮ್ಮೂರ ಕಣದಲ್ಲಿ ಹಿರಿಯರು ಭತ್ತದ ಮೂಟೆಗಳನ್ನು ಗೋಡೆಯ ಮೇಲೆ ಇದ್ದಿಲಿನಲ್ಲಿ ಎಣಿಸುವುದೂ ಹೀಗೆಯೇ. ಅಕ್ಷರ ಬಾರದವರ ಆ ವಿದ್ಯೆ ಇಂಜಿನಿಯರಿಂಗ್ ಪುಸ್ತಕದಲ್ಲಿರುವುದನ್ನು ಕಂಡು ಸಂತೋಷವಾಯಿತು.

ಎರಡು ವಾರಗಳ ಎಣಿಕೆಯಿಂದ ವರ್ಷದ ದಿನವೊಂದಕ್ಕೆ ಸರಾಸರಿ ಎಷ್ಟೆಂದು ಅಂದಾಜು ಮಾಡಿ, ಆ ಮೊತ್ತವನ್ನು ಮೇಲೆ ಹೇಳಿದ ಕಾರಿನ ಅಳತೆಗೆ ತಿರುಗಿಸುತ್ತಾರೆ. ಈ ಅಳತೆಗೆ ಇಂಜಿನಿಯರುಗಳ ಹೆಸರು 'ಪಿ.ಸಿ.ಯು.' ಎಂದು. ರಸ್ತೆಯ ಹಣೆಬರಹವನ್ನು ಬರೆಯುವುದು ಈ ಅಂಕಿಯೇ. ಬಯಲುಸೀಮೆಯ ಒಂಟಿ ಪಥದ ರಸ್ತೆಗೆ ದಿನಕ್ಕೆ 2,000, ಐದೂವರೆ ಮೀಟರ್ ಅಗಲದ ನಡುತರದ ರಸ್ತೆಗೆ 6,000, ಏಳು ಮೀಟರಿನ ಇಮ್ಮಡಿ ಪಥಕ್ಕೆ 15,000 ಎಂಬುದು ಕೈಪಿಡಿಯ ಮಿತಿ. ಇದು ಮೀರಿದರೆ ಅಗಲ ಮಾಡಬೇಕು, ಮೀರದಿದ್ದರೆ ಕಾಯಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಇದು ಎಣಿಸಿದ್ದಲ್ಲ, ತಿಳಿಯಲೆಂದು ಕಲ್ಪಿಸಿಕೊಂಡದ್ದು. ಒಂದು ಗಂಟೆಯಲ್ಲಿ 40 ಬೈಕು, 10 ಕಾರು, 2 ಬಸ್ಸು, 2 ಕಬ್ಬಿನ ಟ್ರಾಕ್ಟರು, 2 ಎತ್ತಿನ ಗಾಡಿ ಹೋದುವೆನ್ನಿ. ಬೈಕುಗಳಿಂದ 20, ಕಾರುಗಳಿಂದ 10, ಬಸ್ಸಿನಿಂದ 6, ಟ್ರಾಕ್ಟರಿನಿಂದ 9, ಗಾಡಿಯಿಂದ 16, ಒಟ್ಟು 61. ಇದರಲ್ಲಿ ಎರಡು ಗಾಡಿಗಳ ಪಾಲೇ ಕಾಲುಭಾಗಕ್ಕೆ ಮೀರಿತು. ಎರಡು ಬಸ್ಸಿನಲ್ಲಿ ಐವತ್ತೈವತ್ತರಂತೆ ನೂರು ಜನರಿದ್ದರೂ ಅವರ ಪಾಲು ಹತ್ತನೆಯ ಒಂದು. ಇನ್ನು ರಸ್ತೆಯಂಚಿನಲ್ಲಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಹೋಗುವ ಹೆಂಗಸಿನ ಪಾಲು ಎಷ್ಟು? ಕೋಷ್ಟಕದಲ್ಲಿ ಅವಳಿಗೆ ಸಾಲೇ ಇಲ್ಲ. ಕೈಪಿಡಿ ಬರೆದವರ ತಪ್ಪು ಇದೆಂದು ನಾನು ಹೇಳುವುದಿಲ್ಲ. ಡಾಂಬರಿನ ಅಗಲವನ್ನು ನಿರ್ಧರಿಸಲು ಹುಟ್ಟಿದ ಅಳತೆ ಅದನ್ನೇ ಮಾಡುತ್ತದೆ. ಆ ಅಂಕಿಗಳೂ ಕಲ್ಲಿನಲ್ಲಿ ಕೆತ್ತಿದುವಲ್ಲ. ವೇಗಕ್ಕೂ ವಾಹನಗಳ ಮಿಶ್ರಣಕ್ಕೂ ತಕ್ಕಂತೆ ಬದಲಾಗುತ್ತವೆಂದು ಈಚಿನ ಸಂಶೋಧನೆಗಳು ಹೇಳುತ್ತವೆ. ತೊಡಕಿರುವುದು, ಆ ಅಳತೆಯೊಂದನ್ನೇ ಹಿಡಿದು ಒಂದು ಸೀಮೆಯ ಪ್ರಯಾಣವನ್ನೆಲ್ಲ ತಿಳಿದೆವೆಂದು ಭಾವಿಸುವುದರಲ್ಲಿ.

ಹೀಗೆ ನಾನೂ ಒಂದು ನೋಟುಪುಸ್ತಕಕ್ಕೆ ಗೆರೆ ಹಾಕಿಕೊಂಡು, ಇಬ್ಬರು ಗೆಳೆಯರೊಂದಿಗೆ ನಮ್ಮ ಕ್ರಾಸಿನ ಹೊಂಗೆಮರದ ಕೆಳಗೆ ಒಂದು ದಿನ ಬೆಳಗಿನಿಂದ ಕತ್ತಲಾಗುವವರೆಗೆ ಕುಳಿತೆನು. ಒಂದು ದಿನದ ಅಂಕಿಗಳನ್ನು ಅಚ್ಚು ಹಾಕಿಸಿ ವಾಚಕರನ್ನು ದಾರಿ ತಪ್ಪಿಸಲಾರೆ. ಏಳು ದಿನ ಎಣಿಸಬೇಕೆಂಬ ನಿಯಮದ ಅರ್ಥ ಅಂದೇ ನನಗಾಯಿತು. ಅಂದು ಒಂದು ಮದುವೆಯಿತ್ತು. ಬಾಡಿಗೆಯ ವ್ಯಾನುಗಳು ಸಾಲಾಗಿ ಬಂದು ನಮ್ಮ ಲೆಕ್ಕವನ್ನೆಲ್ಲ ಕೆಡಿಸಿದುವು. ಅರ್ಧ ಹೊತ್ತಿಗೆ ನಾವು ಸರ್ವೆಯವರೆಂದು ಸುದ್ದಿ ಹಬ್ಬಿ, ರಸ್ತೆ ಅಗಲ ಮಾಡಿದರೆ ಯಾರ ಜಮೀನು ಹೋಗುವುದೆಂದು ವಿಚಾರಿಸಲು ನಾಲ್ಕಾರು ಜನ ಬಂದರು. ಗೀಟು ಎಳೆಯುವುದಕ್ಕಿಂತ ಅವರಿಗೆ ಸಮಾಧಾನ ಹೇಳುವುದೇ ಕಷ್ಟವಾಯಿತು.

ಗೀಟುಗಳಿಂದ ತಿಳಿಯದ ಒಂದು ಸಂಗತಿಯುಂಟು: ಹಾದುಹೋದವನು ಎಲ್ಲಿಂದ ಬಂದ, ಎಲ್ಲಿಗೆ ಹೊರಟ, ಏತಕ್ಕಾಗಿ? ಇದನ್ನು ತಿಳಿಯಲು ವಾಹನಗಳನ್ನು ನಿಲ್ಲಿಸಿ ಕೇಳುವ ಬೇರೆ ಸಮೀಕ್ಷೆಯಿದೆ. ಅದಕ್ಕೆ ಪೋಲೀಸರ ಸಹಾಯ ಬೇಕು. ನಮಗೆ ಆ ಅಧಿಕಾರವಿಲ್ಲದುದರಿಂದ ಬಸ್ಸಿಗೆ ಕಾಯುತ್ತಿದ್ದವರನ್ನು ಮಾತನಾಡಿಸಿದೆವು. ಹಳ್ಳಿಯಲ್ಲಿ "ಎಲ್ಲಿಗೆ ಹೊರಟಿರಿ?" ಎಂಬುದು ಸಮೀಕ್ಷೆಯಲ್ಲ, ಮರ್ಯಾದೆ. ಆದ್ದರಿಂದ ಎಲ್ಲರೂ ಹೇಳಿದರು.

ಅವರ ಮಾತಿನಿಂದಲೂ ನನ್ನ ಮೂರು ವರ್ಷಗಳ ಓಡಾಟದಿಂದಲೂ ತಿಳಿದುದೆಂದರೆ, ನಮ್ಮ ಸೀಮೆಯ ಪ್ರಯಾಣಕ್ಕೆ ಜಿಲ್ಲೆಯ ಗಡಿ ಗೊತ್ತೇ ಇಲ್ಲ. ಮಂಡ್ಯ ಜಿಲ್ಲೆ ಮೈಸೂರು ಜಿಲ್ಲೆಯಿಂದ ಬೇರೆಯಾದುದು 1939ರಲ್ಲಿ. ಕಾಗದಪತ್ರಗಳು ಮಂಡ್ಯಕ್ಕೆ ಹೋದವು. ಕಾಲುಗಳು ಇಂದಿಗೂ ಮೈಸೂರಿಗೆ ಹೋಗುತ್ತವೆ. ಶ್ರೀರಂಗಪಟ್ಟಣದವರಿಗೆ ಮೈಸೂರು ಹದಿನೈದು ಕಿಲೋಮೀಟರಿನ ಆಸುಪಾಸು. ಜಿಲ್ಲಾ ಕೇಂದ್ರ ಅದಕ್ಕಿಂತ ದೂರ. ದೊಡ್ಡ ಆಸ್ಪತ್ರೆ, ಮದುವೆಯ ಜವಳಿ, ಮಗಳಿಗೆ ನರ್ಸಿಂಗ್ ಓದು, ಕಟ್ಟಡದ ಕೂಲಿ, ಎಲ್ಲವೂ ಮೈಸೂರೇ. ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ, ಮೊಕದ್ದಮೆಯ ವಾಯಿದೆ ಇದ್ದರೆ ಮಂಡ್ಯ. ನಾಗಮಂಗಲದ ಉತ್ತರದ ಹಳ್ಳಿಗಳವರ ಮುಖ ಬೆಳ್ಳೂರು ಕ್ರಾಸಿನ ಕಡೆಗೆ, ಅಂದರೆ ಬೆಂಗಳೂರಿನ ಕಡೆಗೆ. ನೀರಾವರಿ ಕಡಿಮೆಯಾದ ಆ ಸೀಮೆಯಿಂದ ದುಡಿಯಲು ಹೋದವರು ಹಬ್ಬಕ್ಕೆ ಹಿಂದಿರುಗುವಾಗ ಆ ಕ್ರಾಸನ್ನು ನೋಡಬೇಕು! ಕೃಷ್ಣರಾಜಪೇಟೆಯವರು ಮೈಸೂರು, ಮಂಡ್ಯ, ಚನ್ನರಾಯಪಟ್ಟಣಗಳಿಗೆ ಹಂಚಿಹೋಗಿದ್ದಾರೆ. ಈ ನಾಲ್ಕು ಪಟ್ಟಣಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಅಡ್ಡವಾಗಿ ಹೋಗಬೇಕಾದವನ ಪಾಡು ಮಾತ್ರ ಹೇಳತೀರದು. ಸೋದರಮಾವನ ಊರು ನಾಗಮಂಗಲದ ಕಡೆ ಇರುವುದರಿಂದ ನನಗೆ ಇದು ಅನುಭವದ ಮಾತು.

ಕಾಲಕಾಲಕ್ಕೆ ಈ ಹರಿವು ಬದಲಾಗುತ್ತದೆ. ಆಷಾಢದಲ್ಲಿ ಹೊಸ ಸೊಸೆಯರು ತವರಿಗೆ ಹೊರಡುವರು. ಮಹಾಲಯ ಅಮಾವಾಸ್ಯೆಯಂದು ಪಿತೃಕಾರ್ಯಕ್ಕಾಗಿ ಶ್ರೀರಂಗಪಟ್ಟಣದ ಕಾವೇರಿ ತೀರಕ್ಕೆ ಜನ ಕಿಕ್ಕಿರಿಯುವರು. ಮೇಲುಕೋಟೆಯ ವೈರಮುಡಿಯಂದು ಕಿರೀಟವು ಮಂಡ್ಯದ ಖಜಾನೆಯಿಂದ ಹೊರಟು ದಾರಿಯುದ್ದಕ್ಕೂ ಹಳ್ಳಿಗಳಲ್ಲಿ ಪೂಜೆಗೊಳ್ಳುತ್ತ ಬರುವಾಗ ಪಾಂಡವಪುರದ ಕಡೆಯ ರಸ್ತೆಗಳಲ್ಲಿ ರಾತ್ರಿಯೇ ಆಗುವುದಿಲ್ಲ. ಕನ್ನಂಬಾಡಿ ಕಟ್ಟೆ ತುಂಬಿತೆಂಬ ಸುದ್ದಿ ಬಂದರೆ ಭಾನುವಾರದ ಕಾರುಗಳಿಗೆ ಮಿತಿಯಿಲ್ಲ. ಆದರೆ ಎಲ್ಲಕ್ಕಿಂತ ದೊಡ್ಡ ದೊರೆ ಕಬ್ಬು. ಕಾರ್ಖಾನೆಯ ಬಾಗಿಲು ತೆರೆಯಿತೆಂದರೆ ರಸ್ತೆಯ ರೂಪವೇ ಬೇರೆ. ಪಾಂಡವಪುರದ ಸಹಕಾರ ಸಕ್ಕರೆ ಕಾರ್ಖಾನೆ ಕೆಲವು ವರ್ಷ ನಿಂತಿದ್ದು 2020ರಲ್ಲಿ ಗುತ್ತಿಗೆಯ ಮೇಲೆ ಮತ್ತೆ ನಡೆಯತೊಡಗಿತು. ನಿಂತಿದ್ದಾಗ ಕಬ್ಬು ದೂರದ ಕಾರ್ಖಾನೆಗಳಿಗೆ ಲಾರಿ, ಟ್ರಾಕ್ಟರುಗಳಲ್ಲಿ ಹೋಯಿತು. ತಂದೆಯ ಎತ್ತುಗಳು ಕೊಟ್ಟಿಗೆಯಲ್ಲಿ ನಿಂತವು. ಆ ದಿನಗಳಲ್ಲಿ ಯಾರಾದರೂ ಎಣಿಸಿದ್ದರೆ ಈ ರಸ್ತೆಯಲ್ಲಿ ಅಡ್ಡಿ ಕಡಿಮೆಯಾಗಿದೆ ಎಂದು ಬರೆಯುತ್ತಿದ್ದರು. ಅದು ನಿಜವೂ ಆಗಿರುತ್ತಿತ್ತು.

ಬೆಂಗಳೂರು–ಮೈಸೂರು ಹೆದ್ದಾರಿಯ ಸುದ್ದಿ ಎಲ್ಲರಿಗೂ ತಿಳಿದದ್ದೇ. 118 ಕಿಲೋಮೀಟರ್ ಉದ್ದದ, ನಡುವೆ ಆರು ಪಥ, ಇಕ್ಕೆಲಗಳಲ್ಲಿ ಎರಡೆರಡು ಪಥದ ಸೇವಾ ರಸ್ತೆಯುಳ್ಳ ಈ ಮಾರ್ಗ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಶ್ರೀರಂಗಪಟ್ಟಣಕ್ಕೆ ಬಳಸುದಾರಿ ಬಂದಿತು. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರು, ಗಾಡಿಗಳಿಗೆ ಮುಖ್ಯ ಪಥದಲ್ಲಿ ಪ್ರವೇಶ ನಿಂತಿತು. ವೇಗದ ದೃಷ್ಟಿಯಿಂದಲೂ ಸುರಕ್ಷತೆಯ ದೃಷ್ಟಿಯಿಂದಲೂ ಇದು ಯುಕ್ತವೇ ಇರಬಹುದು. ಕೋಷ್ಟಕದಲ್ಲಿ ಹೆಚ್ಚು ಅಂಕಿ ಪಡೆದವರನ್ನು ಪಕ್ಕಕ್ಕೆ ಕಳುಹಿಸಿದರೆ ಉಳಿದವರು ಬೇಗ ಹೋಗುವರೆಂಬುದು ಸರಳ ಗಣಿತ. ಶ್ರೀರಂಗಪಟ್ಟಣದಲ್ಲಿ 1804ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನು ನೋಡಿದಾಗಲೆಲ್ಲ ನನಗೆ ಅನ್ನಿಸುವುದುಂಟು: ಅಂದು ಅದರ ಮೇಲೆ ಎತ್ತಿನ ಗಾಡಿಯೇ ಸಂಚಾರ, ಅದಕ್ಕೆ ಎಂಟೆಂದು ಬರೆಯಲು ಕಾರು ಇನ್ನೂ ಹುಟ್ಟಿರಲಿಲ್ಲ.

ಹೆದ್ದಾರಿಗಳಿಗಿಂತ ನನ್ನನ್ನು ಕಾಡುವುದು ನಾಲೆಯ ಏರಿಯ ಮೇಲಿನ ಸಣ್ಣ ರಸ್ತೆಗಳು. ಎಣಿಕೆಯಲ್ಲಿ ಇವು ಏನೇನೂ ಅಲ್ಲ. 2018ರ ನವೆಂಬರ್ 24, ಶನಿವಾರ, ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ತೀರಿಕೊಂಡರು. ಶನಿವಾರದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳು ಅವರಲ್ಲಿ ಅನೇಕರು. ಆಗ ನಾನೂ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗ; ಅಂದು ಸಂಜೆ ನಮ್ಮೂರಿನ ಮನೆಮನೆಯವರೂ ಕ್ರಾಸಿಗೆ ಬಂದು ಮಕ್ಕಳನ್ನು ಕಾಯುತ್ತ ನಿಂತಿದ್ದರು. ಕೋಷ್ಟಕದ ಪ್ರಕಾರ ಆ ಬಸ್ಸಿನ ಅಂಕಿ ಮೂರು.

ಬಸ್ಸಿನ ಮಾತು ಬಂದುದರಿಂದ ಅದನ್ನೂ ಹೇಳಿಬಿಡುತ್ತೇನೆ. 1948ರಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳಿಂದ ಆರಂಭಿಸಿದ ಸಾರಿಗೆ ಇಲಾಖೆ 1961ರಲ್ಲಿ ನಿಗಮವಾಯಿತು. ಒಂದು ಊರಿಗೆ ಬಸ್ಸು ಎಷ್ಟು ಬಾರಿ ಬರಬೇಕೆಂಬುದನ್ನು ತೂಗುವುದು ಬಹುಮಟ್ಟಿಗೆ ಕಿಲೋಮೀಟರಿಗೆ ಎಷ್ಟು ಆದಾಯ ಬಂದಿತು, ಎಷ್ಟು ಸೀಟು ತುಂಬಿತು ಎಂಬ ಲೆಕ್ಕದಿಂದ. ಬಂದವರನ್ನು ಎಣಿಸುವುದು ಸುಲಭ; ಬರಬೇಕೆಂದಿದ್ದು ಬಸ್ಸಿಲ್ಲದೆ ಮನೆಯಲ್ಲಿ ಉಳಿದವರನ್ನು ಎಣಿಸುವುದು ಹೇಗೆ? ಇಂಥದಕ್ಕೆ ಸಾರಿಗೆ ಶಾಸ್ತ್ರದಲ್ಲಿ ಸುಪ್ತ ಬೇಡಿಕೆ ಎಂದು ಹೆಸರು. ನಮ್ಮ ಕ್ರಾಸಿನಲ್ಲಿ ಅದು ಸುಪ್ತವಾಗಿರಲಿಲ್ಲವೆಂಬುದು 2023ರ ಜೂನ್ 11ರ ನಂತರ ಎಲ್ಲರ ಕಣ್ಣಿಗೂ ಬಿತ್ತು. ಅಂದು ಹೆಂಗಸರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಆರಂಭವಾಯಿತು. 2025ರ ಜುಲೈ ವೇಳೆಗೆ ರಾಜ್ಯದಲ್ಲಿ ಇಂಥ ಪ್ರಯಾಣಗಳ ಸಂಖ್ಯೆ 500 ಕೋಟಿಯನ್ನು ದಾಟಿತು. ನುಗ್ಗಾಟದಿಂದ ನಮ್ಮಂಥ ಪಾಸಿನ ವಿದ್ಯಾರ್ಥಿಗಳು ಬಾಗಿಲಿನಲ್ಲಿ ಜೋತಾಡಬೇಕಾಯಿತೆಂದು ಗೊಣಗಿದವರಲ್ಲಿ ನಾನೂ ಒಬ್ಬ. ಆದರೆ ನನ್ನ ತಾಯಿ ಸೊಪ್ಪಿನ ಕುಕ್ಕೆಯನ್ನು ಹೊತ್ತು ಸಂತೆಗೆ ಅರ್ಧ ದಾರಿ ನಡೆದೇ ಹೋಗುತ್ತಿದ್ದವಳು, ಈಗ ಬಸ್ಸಿನಲ್ಲಿ ಹೋಗುತ್ತಾಳೆ. ಕಂಡಕ್ಟರು ಅವಳಿಗೂ ಒಂದು ಚೀಟಿ ಕೊಡುತ್ತಾರೆ. ಹತ್ತಿದ ಜಾಗ, ಇಳಿಯುವ ಜಾಗ ಅದರಲ್ಲಿವೆ, ದರದ ಜಾಗದಲ್ಲಿ ಸೊನ್ನೆ. ಇಂಜಿನಿಯರುಗಳ ಕೋಷ್ಟಕದಲ್ಲಿ ಸಾಲೇ ಇಲ್ಲದಿದ್ದ ತಾಯಿ ಈ ಸೊನ್ನೆಯ ಚೀಟಿಯಿಂದ ಲೆಕ್ಕಕ್ಕೆ ಬಂದಳು. ಮನೆಯಲ್ಲಿ ಆ ಚೀಟಿಗಳನ್ನು ಗೋಡೆಯ ಗೂಡಿನಲ್ಲಿ ಇಟ್ಟಿದ್ದಾಳೆ. ಏಕೆಂದು ಕೇಳಿದರೆ ಬಿಸಾಡಲು ಮನಸ್ಸಾಗಲಿಲ್ಲ ಎನ್ನುತ್ತಾಳೆ.

ನನ್ನ ಅಕ್ಕನ ಕಾಲಕ್ಕೆ ಇದು ಇರಲಿಲ್ಲ. ಅವಳು ನನಗಿಂತ ಚೆನ್ನಾಗಿ ಓದುತ್ತಿದ್ದಳು. ಪಿ.ಯು.ಸಿ. ಎರಡನೆಯ ವರ್ಷ ಸಂಜೆ ನಮ್ಮೂರ ಕಡೆಗೆ ಬರುತ್ತಿದ್ದ ಬಸ್ಸು ನಿಂತುಹೋಯಿತು. ಜನ ಸಾಲದೆಂದು ಕಾರಣ ಹೇಳಿದರು. ಅದರ ಹಿಂದಿನ ಬಸ್ಸಿಗೆ ಹೋಗಬೇಕಾದರೆ ಕಡೆಯ ಎರಡು ಪಾಠ ಬಿಡಬೇಕು; ಪಾಠ ಮುಗಿಸಿದರೆ ಕ್ರಾಸಿನಿಂದ ಮೂರು ಕಿಲೋಮೀಟರ್ ಕತ್ತಲಲ್ಲಿ ಬರಬೇಕು. ತಂದೆ ಕೆಲವು ದಿನ ಗಾಡಿ ಕಟ್ಟಿಕೊಂಡು ಕ್ರಾಸಿಗೆ ಹೋಗಿ ಕಾದರು. ಕಟಾವು ಆರಂಭವಾದ ಮೇಲೆ ಅದೂ ಆಗಲಿಲ್ಲ. ಅಕ್ಕ ಪರೀಕ್ಷೆಗೆ ಕೂರಲಿಲ್ಲ, ಮರುವರ್ಷ ಮದುವೆಯಾಯಿತು. ನಾನು ಅದೇ ಕತ್ತಲಲ್ಲಿ ಅದೇ ಮೂರು ಕಿಲೋಮೀಟರನ್ನು ಮೂರು ವರ್ಷ ನಡೆದೆ, ಯಾರದಾದರೂ ಬೈಕು ಸಿಕ್ಕಿದರೆ ಹತ್ತಿದೆ. ಗಂಡುಹುಡುಗನೆಂದು ಯಾರೂ ಕೇಳಲಿಲ್ಲ. ಬಿ.ಎ. ಮುಗಿಸುತ್ತಿರುವವನು ನಾನಾದುದಕ್ಕೆ ಇದಕ್ಕಿಂತ ದೊಡ್ಡ ಕಾರಣವನ್ನು ನಾನು ಕಂಡಿಲ್ಲ.

ಗೌರಿ ಹಬ್ಬಕ್ಕೆ ಅಕ್ಕ ಬಂದಿದ್ದಾಗ ಎಣಿಕೆಯ ಪುಸ್ತಕವನ್ನು ಅವಳಿಗೆ ತೋರಿಸಿದೆ. ಗಾಡಿಗೆ ಎಂಟೆಂದು ಕೇಳಿ ಬಿದ್ದು ಬಿದ್ದು ನಕ್ಕು, ತಂದೆಯನ್ನು ಕರೆದು ಹೇಳಿದಳು. ಆಮೇಲೆ ಹಾಳೆ ತಿರುವುತ್ತ ಸಂಜೆಯ ಪುಟಕ್ಕೆ ಬಂದಳು. ಅಲ್ಲಿ ಆರು ಗಂಟೆಯ ಮುಂದಿನ ಸಾಲುಗಳಲ್ಲಿ ಬೈಕಿನ ಗೀಟುಗಳಿವೆ, ಟ್ರಾಕ್ಟರಿನ ಗೀಟುಗಳಿವೆ. ಬಸ್ಸಿನ ಕಲಂ ಖಾಲಿ. "ಇಲ್ಲೊಂದು ಇತ್ತು" ಎಂದು ಬೆರಳಿಟ್ಟು ತೋರಿಸಿ, ಪುಸ್ತಕವನ್ನು ಮಡಿಸಿ ಕೊಟ್ಟಳು. ಪ್ರಬಂಧದೊಂದಿಗೆ ಆ ಪುಸ್ತಕವನ್ನೂ ಅಧ್ಯಾಪಕರಿಗೆ ಒಪ್ಪಿಸಿದ್ದೇನೆ.